ನಾಲ್ವರು ಹೊತ್ತ ಹಾಸಿಗೆ: ಕ್ಷಯರೋಗಿ ಮತ್ತು ನಮ್ಮ ಧರ್ಮಕೇಂದ್ರ



ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಕಫೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದರು. ಬಾಗಿಲ ತುಂಬ ಜನ. ಅವರು ಹಿಂದಿರುಗಲಿಲ್ಲ. ಮಾಳಿಗೆ ಹತ್ತಿದರು, ಅದನ್ನು ಬಿಚ್ಚಿದರು, ಹಾಸಿಗೆ ಸಮೇತ ಅವನನ್ನು ಪ್ರಭುವಿನ ಮುಂದೆ ಇಳಿಸಿದರು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಕಂಡವರಿಗೆ ಈ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಪ್ರಭು ರೋಗಿಯೊಬ್ಬನನ್ನೇ ನೋಡಲಿಲ್ಲ, ಹೊತ್ತು ತಂದವರ ವಿಶ್ವಾಸವನ್ನೂ ನೋಡಿದರು. ಈ ತಿಂಗಳ ಪಾಠಕ್ಕೆ ಇದೇ ಆಧಾರ. ನಾವು ತೆಗೆದುಕೊಂಡ ವಿಷಯ ಕ್ಷಯರೋಗ, ಅಂದರೆ ಟಿ.ಬಿ.

ಕೆಮ್ಮನ್ನು ಮುಚ್ಚಿಡಬೇಡಿ

ಮನೆ ಭೇಟಿಗೆ ಹೋದಾಗ ನಾವು ಕೇಳುವ ಮಾತು ಒಂದೇ: "ಧೂಳಿನ ಕೆಮ್ಮು ಸ್ವಾಮಿ, ಹತ್ತಿ ಬಿಡಿಸಿದ್ದಕ್ಕೆ ಬಂದದ್ದು." ಇರಬಹುದು. ಆದರೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಬರುವ ಸಣ್ಣ ಜ್ವರ, ರಾತ್ರಿ ಬೆವರು, ಇಳಿಯುತ್ತಿರುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

ಜನ ಮುಚ್ಚಿಡುವುದು ರೋಗದ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಿಂದ. ಮಗಳ ಮದುವೆ ನಿಂತೀತು, ಬಾವಿಕಟ್ಟೆಯಲ್ಲಿ ನಾಲ್ಕು ಜನ ಆಡಿಕೊಂಡಾರು ಎಂಬ ಅಂಜಿಕೆ. ಸತ್ಯ ತಿಳಿಯಿರಿ. ಕ್ಷಯ ಶಾಪವಲ್ಲ, ವಂಶದ ದೋಷವೂ ಅಲ್ಲ. ಅದೊಂದು ರೋಗಾಣು. ರೋಗಿ ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ. ತಟ್ಟೆ, ಲೋಟ, ಬಟ್ಟೆ, ಕೈಕುಲುಕುವುದರಿಂದ ಹರಡುವುದಿಲ್ಲ. ಸರಿಯಾದ ಔಷಧಿ ಆರಂಭವಾದ ಕೆಲವು ವಾರಗಳಲ್ಲಿ ಇನ್ನೊಬ್ಬರಿಗೆ ಅಂಟಿಸುವ ಶಕ್ತಿ ಬಹಳ ಕುಗ್ಗುತ್ತದೆ. ಆದ್ದರಿಂದ ಗುಟ್ಟಾಗಿ ಕೆಮ್ಮುವವನಿಂದ ಅಪಾಯ ಹೆಚ್ಚು, ಮಾತ್ರೆ ನುಂಗುವವನಿಂದ ಕಡಿಮೆ.

ಆಸ್ಪತ್ರೆಯಿಂದ ಮನೆಗೆ ಬಂದ ಚಿಕಿತ್ಸೆ

ನಮ್ಮ ಆಂಧ್ರದ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬ ಸ್ಥಳವಿದೆ. ಹಲವು ಪ್ರೊಟೆಸ್ಟೆಂಟ್ ಮಿಷನ್‌ಗಳು ಕೂಡಿ ಅಲ್ಲಿ 1915ರಲ್ಲಿ ಕ್ಷಯರೋಗಿಗಳ ಆಸ್ಪತ್ರೆ ತೆರೆದವು. ಆಗ ಔಷಧಿ ಇರಲಿಲ್ಲ. ಶುದ್ಧ ಗಾಳಿ, ಒಳ್ಳೆಯ ಊಟ, ವಿಶ್ರಾಂತಿಯೇ ಚಿಕಿತ್ಸೆ. ನಮ್ಮ ಕಥೋಲಿಕ ಧರ್ಮಸಭೆಯಲ್ಲೂ ಆಸ್ಟ್ರೇಲಿಯದ ವೈದ್ಯೆ ಸಿಸ್ಟರ್ ಮೇರಿ ಗ್ಲೋರಿ ಅವರು 1920ರಲ್ಲಿ ಗುಂಟೂರಿಗೆ ಬಂದು ಬಡವರ ಸೇವೆಗೆ ಜೀವ ತೇದರು. 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದವರೂ ಅವರೇ.

ಕ್ಷಯಕ್ಕೆ ಔಷಧಿ ಬಂದ ಮೇಲೆ ಒಂದು ಪ್ರಶ್ನೆ ಎದ್ದಿತು: ರೋಗಿಯನ್ನು ಆಸ್ಪತ್ರೆಯಲ್ಲೇ ಇಡಬೇಕೇ? ಇದಕ್ಕೆ ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಆರಂಭವಾದ ಕೇಂದ್ರ ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲೂ ಕೆಲವರನ್ನು ಅವರ ಬಡ ಮನೆಗಳಲ್ಲೂ ಇಟ್ಟು ಒಂದೇ ಔಷಧಿ ಕೊಟ್ಟಿತು. ಮನೆಯ ಊಟ ಆಸ್ಪತ್ರೆಯ ಊಟದಷ್ಟು ಚೆನ್ನಾಗಿರಲಿಲ್ಲ. ಆದರೂ ಗುಣವಾಗುವುದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮನಾಗಿದ್ದರು. ಮನೆಯವರಿಗೆ ರೋಗ ತಗಲುವುದೂ ಹೆಚ್ಚಲಿಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾಯಿತು, ಜಗತ್ತೇ ಅದನ್ನು ಒಪ್ಪಿತು.

ಇದರ ಅರ್ಥವೇನು? ಕ್ಷಯದ ವಾರ್ಡು ಈಗ ನಮ್ಮ ಮನೆಯೇ. ಅಲ್ಲಿ ನರ್ಸಮ್ಮ ಇರುವುದಿಲ್ಲ, ಇರುವವರು ಮನೆಯವರು, ನೆರೆಯವರು ಮತ್ತು ಧರ್ಮಕೇಂದ್ರದ ವಿಶ್ವಾಸಿಗಳು. ಹಾಸಿಗೆ ಹೊರಬೇಕಾದವರು ನಾವೇ.

ನಾಲ್ಕು ಹೆಗಲು

ಮೊದಲನೆಯ ಹೆಗಲು ಪರೀಕ್ಷೆಗೆ ಜೊತೆ ಹೋಗುವವರದು. "ಹೋಗಿ ಬಾ" ಎನ್ನುವುದು ಸುಲಭ. ಒಂದು ದಿನದ ಕೂಲಿ ಬಿಟ್ಟು ಜೊತೆಗೆ ನಡೆಯುವುದು ಪ್ರೀತಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆದವಾನಿಯ ಸರ್ಕಾರಿ ಆಸ್ಪತ್ರೆಗೋ ಕರೆದೊಯ್ಯಿರಿ. ಒಬ್ಬರಿಗೆ ರೋಗ ಕಂಡರೆ ಮನೆಯ ಎಲ್ಲರನ್ನೂ, ಮುಖ್ಯವಾಗಿ ಚಿಕ್ಕ ಮಕ್ಕಳನ್ನು ತೋರಿಸಬೇಕು. ರೋಗವಿಲ್ಲವೆಂದು ಖಚಿತವಾದವರಿಗೆ, ಮುಂದೆ ಬಾರದಂತೆ ತಡೆಯುವ ಮಾತ್ರೆಯೂ ಇದೆ.

ಎರಡನೆಯದು ಮಾತ್ರೆ ನೋಡಿಕೊಳ್ಳುವವರದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು, ದಿನವೂ ಮಾತ್ರೆ. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಮೈಗೆ ಬಲ ಬರುತ್ತದೆ, "ಇನ್ನೇಕೆ?" ಎಂದು ಬಿಡುತ್ತಾರೆ. ಹೊಲದಲ್ಲಿ ಕಳೆ ಅರ್ಧ ಕಿತ್ತು ಬಿಟ್ಟರೆ ಏನಾಗುತ್ತದೆ? ಉಳಿದದ್ದು ಬೇರುಬಿಟ್ಟು ಹಬ್ಬುತ್ತದೆ. ಹಾಗೆಯೇ ಉಳಿದ ರೋಗಾಣು ಮಾತ್ರೆಗೆ ಬಗ್ಗದಂತೆ ಗಟ್ಟಿಯಾಗಬಹುದು. ಆಮೇಲೆ ಬೇಕಾಗುವ ಚಿಕಿತ್ಸೆ ಹೆಚ್ಚು ಕಷ್ಟದ್ದು. ಮಾತ್ರೆಯಿಂದ ಮೂತ್ರ ಕೆಂಪು-ಕಿತ್ತಳೆ ಬಣ್ಣವಾಗುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಸಾರಾಯಿ ಈ ಮಾತ್ರೆಗಳಿಗೆ ವೈರಿ, ಎರಡೂ ಸೇರಿದರೆ ಪಿತ್ತಜನಕಾಂಗ (ಲಿವರ್) ಕೆಡಬಹುದು. ಬೀಡಿಯನ್ನೂ ಬಿಡಬೇಕು.

ಮೂರನೆಯದು ಊಟ ನೋಡಿಕೊಳ್ಳುವವರದು. ಮದರಾಸು ನಮಗೆ ಔಷಧಿಯ ಬಲವನ್ನು ಕಲಿಸಿತು, ಜಾರ್ಖಂಡ್ ಊಟದ ಬಲವನ್ನು ಕಲಿಸಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಅಲ್ಲಿ 2,800 ರೋಗಿಗಳ ಮನೆಗಳಲ್ಲಿ ಅಧ್ಯಯನ ನಡೆಸಿದರು. ರೋಗಿಗಳಿಗೆಲ್ಲ ಆಹಾರ ಸಿಕ್ಕಿತು. ಅರ್ಧದಷ್ಟು ಮನೆಗಳಲ್ಲಿ ರೋಗಿಯ ಜೊತೆ ವಾಸಿಸುವವರಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೀವಸತ್ವದ ಮಾತ್ರೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಅಕ್ಕಿ, ಬೇಳೆಯೂ ರೋಗ ತಡೆದವು!

ನಾವು ರೈತರು. ಜೋಳ, ತೊಗರಿ, ಕಡಲೆ, ಶೇಂಗಾ ಬೆಳೆಯುವವರು. ಆದರೆ ಚೀಲಗಳೆಲ್ಲ ಆದವಾನಿ ಮಾರುಕಟ್ಟೆಗೆ ಹೋಗಿ, ಮನೆಯಲ್ಲಿ ರೊಟ್ಟಿಗೆ ಖಾರದ ಪುಡಿಯೇ ಉಳಿಯುವುದುಂಟು. ಮಾರುವ ಮೊದಲು ಮನೆಯ ಪಾಲು ತೆಗೆದಿಡಿ. ರೋಗಿಗೆ ದಿನವೂ ಬೇಳೆ, ಒಂದು ಹಿಡಿ ಶೇಂಗಾ, ಸಿಕ್ಕರೆ ಮೊಟ್ಟೆ, ಹಾಲು ಕೊಡಿ. ಸರ್ಕಾರ 2018ರಿಂದ ರೋಗಿಯ ಬ್ಯಾಂಕು ಖಾತೆಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಅದು ಊಟಕ್ಕೆ ಬಂದ ಹಣ, ಬಡ್ಡಿಗೆ ಕಟ್ಟಬೇಡಿ.

ನಾಲ್ಕನೆಯದು ವಲಸೆಯ ದಾರಿಯಲ್ಲಿ ಜೊತೆಯಾಗುವವರದು. ನಮ್ಮ ಸೀಮೆಯಲ್ಲಿ ಇದೇ ಅತಿ ಮುಖ್ಯ. ಮಾಧವರಂ, ಕೋಸಿಗಿ, ಮಂತ್ರಾಲಯದ ಕಡೆಯ ಜನ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾರೆ. ಲಾರಿ ಹೊರಡುವ ದಿನ ಮಾತ್ರೆ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಹೀಗಾಗದಿರಲಿ. ರೋಗಿಯ ಹೆಸರು ನೋಂದಣಿಯಾದಾಗ 'ನಿಕ್ಷಯ್' ಸಂಖ್ಯೆ ಸಿಗುತ್ತದೆ. ಹೊರಡುವ ಮೊದಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಆ ಸಂಖ್ಯೆಯ ಚೀಟಿ ಕೈಯಲ್ಲಿಟ್ಟುಕೊಂಡರೆ, ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಔಷಧಿ ಮುಂದುವರಿಯುತ್ತದೆ. ತಂಡ ಕಟ್ಟುವ ಮೇಸ್ತ್ರಿಗಳಲ್ಲಿ ನಮ್ಮ ವಿನಂತಿ: ಮುಂಗಡದ ಲೆಕ್ಕದ ಜೊತೆ ಮಾತ್ರೆಯ ಲೆಕ್ಕವನ್ನೂ ಕೇಳಿ.

ದೇವಾಲಯದಲ್ಲಿ

ಬಲಿಪೂಜೆಯ ವೇಳೆ ಕಿಟಕಿಗಳೆಲ್ಲ ತೆರೆದಿರಲಿ. ಕೆಮ್ಮುವವರು ಬಾಯಿಗೆ ಬಟ್ಟೆ ಹಿಡಿಯಲಿ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಮನೆಯಲ್ಲೇ ಇರುವವರಿಗೆ ಪರಮಪ್ರಸಾದವನ್ನು ನಾವೇ ತರುತ್ತೇವೆ, ಹೇಳಿ ಕಳುಹಿಸಿದರೆ ಸಾಕು. ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲು ಬೇಳೆ, ಶೇಂಗಾವನ್ನು ಇಂಥ ಮನೆಗಳಿಗೆಂದು ಬೇರೆ ಇಡೋಣ. ಹೆಸರು ಕೂಗದೆ ಮುಟ್ಟಿಸೋಣ. ಜಗದ್ಗುರು ಎರಡನೆಯ ಜಾನ್ ಪಾಲ್ 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನ ಫೆಬ್ರವರಿ 11ಕ್ಕೆ, ಕ್ಷಯರೋಗ ದಿನ ಮಾರ್ಚ್ 24ಕ್ಕೆ ಬರುತ್ತವೆ. ಆ ದಿನಗಳ ಪ್ರಾರ್ಥನೆ ಯಾವುದಾದರೊಂದು ಮನೆಯ ಬಾಗಿಲವರೆಗೆ ನಡೆಯಲಿ.

ಮನೆಯವರೆಲ್ಲ ಕುಳಿತು ಮಾತಾಡಲು

1. ನಮ್ಮ ಓಣಿಯಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮುತ್ತಿರುವವರು ಯಾರಾದರೂ ಇದ್ದಾರೆಯೇ? ಅವರ ಜೊತೆ ಯಾರು ಹೋಗುವಿರಿ?

2. ಈ ಸುಗ್ಗಿಯಲ್ಲಿ ಮಾರುವ ಮೊದಲು ಮನೆಗೆಂದು ಎಷ್ಟು ಬೇಳೆ, ಶೇಂಗಾ ಉಳಿಸುವಿರಿ?

3. ನಾಲ್ಕು ಹೆಗಲುಗಳಲ್ಲಿ ನಿಮ್ಮದು ಯಾವುದು?