ವರ್ಷಾಂತಿಕಕ್ಕೆ ಮುಂಚೆ ಪಾಲು ಮಾಡಬಹುದೇ?

ಪ್ರಶ್ನೆ: ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಡಿಕೆ ತೋಟವಿದೆ, ಸೊಸೈಟಿ ಸಾಲವೂ ಇದೆ. ನ್ಯಾಮತಿಯಲ್ಲಿರುವ ತಮ್ಮ ಈಗಲೇ ಪಾಲಾಗಲಿ ಅಂತಾನೆ. ವರ್ಷಾಂತಿಕಕ್ಕೆ ಮುಂಚೆ ಮಾಡಿದರೆ ದೋಷವೇ? ಹೊನ್ನಾಳಿಗೆ, ಜಗಳೂರಿಗೆ ಕೊಟ್ಟ ತಂಗಿಯರಿಗೆ ಅರಿಶಿನ-ಕುಂಕುಮ ಕೊಟ್ಟು ಸಹಿ ಹಾಕಿಸಿಕೊಂಡರೆ ಸಾಲದೇ? ದೇವರ ಪೆಟ್ಟಿಗೆ ಯಾರಿಗೆ?
— ಓದುಗರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ದೋಷವಿಲ್ಲ. ವರ್ಷ ಕಾಯುವುದು ಮನೆತನದ ವಾಡಿಕೆ. ತಾಯಿಯ ಮನಸ್ಸಿಗೆ ನೋವಾಗುವುದಾದರೆ ಕಾಯಿರಿ. ಯಾಜ್ಞವಲ್ಕ್ಯ ಸ್ಮೃತಿ ಒತ್ತಿ ಹೇಳುವುದು ಬೇರೆ: ಆಸ್ತಿಯ ಜೊತೆ ಸಾಲವನ್ನೂ ಸಮನಾಗಿ ಹಂಚಿಕೊಳ್ಳಬೇಕು, ತಂದೆಯ ನಂತರ ಪಾಲಾದರೆ ತಾಯಿಗೂ ಸಮಭಾಗ ಸಲ್ಲಬೇಕು. ಆ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರರು ನಮ್ಮ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿದ್ದವರು.

ಇನ್ನು ತಂಗಿಯರ ಮಾತು. ಸ್ಮೃತಿ ಅವರಿಗೆ ಕಡಿಮೆ ಕೊಟ್ಟಿತ್ತು, ನಿಜ. ಆದರೆ 2005ರ ಕಾನೂನು ತಿದ್ದುಪಡಿಯ ನಂತರ, ಮದುವೆಯಾಗಿದ್ದರೂ ಮಗಳಿಗೆ ಮಗನಷ್ಟೇ ಹಕ್ಕು. ಅವರಾಗಿ ತಿಳಿದು ಬಿಟ್ಟುಕೊಟ್ಟರೆ ಅದು ಅವರ ದೊಡ್ಡತನ. ಅರಿಶಿನ-ಕುಂಕುಮದ ನೆಪದಲ್ಲಿ ಸಹಿ ಹಾಕಿಸಿಕೊಂಡರೆ ದೋಷ ಇರುವುದು ಅಲ್ಲಿ.

ದೇವರು ಪಾಲಾಗುವುದಿಲ್ಲ. ತಾಯಿ ಇರುವ ಮನೆಯಲ್ಲಿ, ನಿತ್ಯ ದೀಪ ಹಚ್ಚುವವರ ಹತ್ತಿರ ಪೆಟ್ಟಿಗೆ ಇರಲಿ. ಹಬ್ಬಕ್ಕೆ ಎಲ್ಲರೂ ಬರಲಿ.

ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿ. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ವಿಭಾಗಪತ್ರ ಬರೆಸಿ, ನೋಂದಣಿ ಮಾಡಿಸಿ. ವರ್ಷಾಂತಿಕದ ದಿನ ಅಣ್ಣತಮ್ಮಂದಿರು, ತಂಗಿಯರು ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಅಪ್ಪನಿಗೆ ಅದೇ ತೃಪ್ತಿ.