ಗ್ರಂಥಾಲಯವೂ ಸಮಾನತೆಯೂ

ಗ್ರಂಥಾಲಯವು ಜ್ಞಾನದ ಭಂಡಾರವೆಂದು ನಾವು ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇವೆ. ಭಂಡಾರವೆಂದ ಮೇಲೆ ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಕೀಲಿ, ಕೀಲಿಯನ್ನು ಕಾಯುವವನೊಬ್ಬ ಇದ್ದೇ ಇರುತ್ತಾನೆ. ಆ ಬಾಗಿಲು ಯಾರಿಗೆ ತೆರೆಯುತ್ತದೆ? ಅಲ್ಲಿಯ ನಿಯಮಗಳು ಯಾರಿಗೆ ಅನುಕೂಲವಾಗಿವೆ? ಒಳಗೆ ಯಾರ ಮಾತನ್ನು ಎಲ್ಲಿ ಇಟ್ಟಿದ್ದಾರೆ? ಈ ಮೂರು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹಾನಗಲ್ಲ ತಾಲೂಕಿನ ಆಡೂರು ಬಾದಾಮಿ ಚಾಲುಕ್ಯರ ಕಾಲದ ಶಾಸನದಿಂದಾಗಿ ಇತಿಹಾಸಕಾರರಿಗೆ ಪರಿಚಿತವಾದ ಊರು. ಕೀರ್ತಿವರ್ಮನ ಹೆಸರುಳ್ಳ ಆ ಶಾಸನದಲ್ಲಿ ಜಿನಾಲಯಕ್ಕೆ ಕೊಟ್ಟ ದಾನದ ಉಲ್ಲೇಖವಿದೆ. ಇಂಥ ದಾನಶಾಸನಗಳಲ್ಲಿ ಆಳಿದವರ, ಕೊಟ್ಟವರ, ಪಡೆದವರ ಹೆಸರುಗಳು ಉಳಿಯುತ್ತವೆ. ಹೊಲವನ್ನು ಉತ್ತವರ ಹೆಸರುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಬರವಣಿಗೆ ಯಾರ ಕೈಯಲ್ಲಿತ್ತೋ ಅವರ ನೆನಪೇ ಕಲ್ಲಿನ ಮೇಲೆ ನಿಂತಿತು. ಶಾಸನಕ್ಕೆ ಸಲ್ಲುವ ಈ ಮಾತು ಗ್ರಂಥಾಲಯಕ್ಕೂ ಸಲ್ಲುತ್ತದೆ.

ಮೊದಲನೆಯದು ಬಾಗಿಲಿನ ಪ್ರಶ್ನೆ. ಅಮೇರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ ಕಪ್ಪು ಜನರು ಸಾರ್ವಜನಿಕ ಗ್ರಂಥಾಲಯಗಳಿಂದ ದೂರವಿರಬೇಕಾಗಿತ್ತು. 1939ರ ಆಗಸ್ಟಿನಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಐವರು ಕಪ್ಪು ತರುಣರು ಗ್ರಂಥಾಲಯವನ್ನು ಹೊಕ್ಕು, ಒಂದೊಂದು ಪುಸ್ತಕ ಹಿಡಿದು ಸುಮ್ಮನೆ ಓದುತ್ತ ಕುಳಿತರು. ಅಷ್ಟಕ್ಕೇ ಪೋಲೀಸರು ಅವರನ್ನು ಬಂಧಿಸಿದರು. 1961ರ ಮಾರ್ಚಿನಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಟೂಗಲೂ ಕಾಲೇಜಿನ ಒಂಬತ್ತು ಮಂದಿ ವಿದ್ಯಾರ್ಥಿಗಳು ಹೀಗೆಯೇ ಮಾಡಿ ಸೆರೆಮನೆ ಕಂಡರು. ಅವರೂ ನಮ್ಮಂತೆ ಕಾಲೇಜಿನ ಹುಡುಗ ಹುಡುಗಿಯರೇ ಎಂಬುದನ್ನು ನಾವು ಮರೆಯಬಾರದು.

ಅಲ್ಲಿ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮಾಡಿತು. ಜಾತಿ ಮತ್ತು ಜನಾಂಗ ಎರಡೂ ಒಂದೇ ಅಲ್ಲ. ಆದರೂ ಹುಟ್ಟಿನಿಂದಲೇ ಮನುಷ್ಯನ ಯೋಗ್ಯತೆಯನ್ನು ಅಳೆಯುವ ರೀತಿ ಎರಡರಲ್ಲಿಯೂ ಒಂದೇ. ಅಸ್ಪೃಶ್ಯರೆನಿಸಿದವರಿಗೆ ಅಕ್ಷರವೇ ದೂರವಾಗಿದ್ದ ಕಾಲದಲ್ಲಿ ಪುಸ್ತಕದ ಮಾತೆಲ್ಲಿ? ಡಾ. ಅಂಬೇಡ್ಕರರು ಇದನ್ನು ಚೆನ್ನಾಗಿ ಅರಿತಿದ್ದರು. ಮುಂಬಯಿಯ ದಾದರಿನಲ್ಲಿ ಅವರು ಕಟ್ಟಿಸಿದ ‘ರಾಜಗೃಹ’ ಮನೆಯಷ್ಟೇ ಅಲ್ಲ, ಪುಸ್ತಕಗಳ ಆಲಯವೂ ಆಗಿತ್ತು. ಅವರ ಪ್ರಯತ್ನದಿಂದ ನಮ್ಮ ಧಾರವಾಡದಲ್ಲಿಯೂ ದಲಿತ ವಿದ್ಯಾರ್ಥಿಗಳಿಗಾಗಿ ವಸತಿಗೃಹವೊಂದು ನಡೆಯಿತು. ಮುಂದೆ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದರ ಆಚರಣೆಯನ್ನು ಅಪರಾಧವೆಂದು ಸಾರುವ ಕಾಯಿದೆ ಬಂದಿತು. 1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಾಯಿತು.

ಹಾಗಾದರೆ ಎಲ್ಲವೂ ಸರಿಯಾಯಿತೇ? ಇಲ್ಲಿಂದಲೇ ಎರಡನೆಯ ಪ್ರಶ್ನೆ ಆರಂಭವಾಗುತ್ತದೆ. ಡೆರಿಕ್ ಬೆಲ್ ಮೊದಲಾದ ಅಮೇರಿಕೆಯ ಕಾನೂನು ಪಂಡಿತರು 1970ರ ದಶಕದಿಂದೀಚೆಗೆ ಬೆಳೆಸಿದ ವಿಚಾರಸರಣಿಯನ್ನು ಜನಾಂಗ ಕುರಿತ ವಿಮರ್ಶಾ ಸಿದ್ಧಾಂತವೆನ್ನಬಹುದು. ಕಾನೂನು ಎಲ್ಲರನ್ನೂ ಸಮಾನರೆಂದು ಸಾರಿದ ಮಾತ್ರಕ್ಕೆ ಅಸಮಾನತೆ ಅಳಿಯುವುದಿಲ್ಲ; ನಿಷ್ಪಕ್ಷಪಾತವೆಂದು ತೋರುವ ನಿಯಮಗಳಲ್ಲಿಯೂ ಅದು ಅಡಗಿರಬಲ್ಲದು; ಅನ್ಯಾಯವನ್ನು ಉಂಡವರ ಮಾತೂ ಒಂದು ಸಾಕ್ಷ್ಯ—ಇದು ಅದರ ಸಾರ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪುಸ್ತಕ ಒಯ್ಯಲು ಠೇವಣಿ ಬೇಕು, ಇಲ್ಲವೆ ಸ್ಥಿತಿವಂತರೊಬ್ಬರ ಜಾಮೀನು ಬೇಕು ಎಂಬ ನಿಯಮವಿದೆಯೆನ್ನಿ. ಅದರಲ್ಲಿ ಯಾವ ಜಾತಿಯ ಹೆಸರೂ ಇಲ್ಲ. ಆದರೆ ಠೇವಣಿಗೆ ಹಣವಿಲ್ಲದ, ಜಾಮೀನು ನಿಲ್ಲುವ ಪರಿಚಯಸ್ಥರಿಲ್ಲದ ಕೂಲಿಕಾರನ ಮಗಳು ಬರಿಗೈಯಲ್ಲಿ ಮರಳುತ್ತಾಳೆ. ವಾಚನಾಲಯವು ಕೂಲಿಯ ಹೊತ್ತಿನಲ್ಲಿ ತೆರೆದು, ಕೂಲಿ ಮುಗಿಯುವ ಹೊತ್ತಿಗೆ ಮುಚ್ಚಿದರೆ ಅದೂ ಹೀಗೆಯೇ. ಅದರ ಕಟ್ಟಡ ಯಾವ ಓಣಿಯಲ್ಲಿದೆ ಎಂಬುದೂ ಸಣ್ಣ ಮಾತಲ್ಲ. ಕೇರಿಯ ಮಗು ಅಂಜದೆ ನಡೆದು ಬರುವ ಜಾಗದಲ್ಲಿದ್ದರೆ ಮಾತ್ರ ಅದು ಎಲ್ಲರದು.

ಇನ್ನು ಮೂರನೆಯ ಪ್ರಶ್ನೆ, ಬೀರುವಿನದು. ನಮ್ಮ ಅನೇಕ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ದಶಾಂಶ ವರ್ಗೀಕರಣವನ್ನು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದನು. ಧರ್ಮಕ್ಕೆ ಮೀಸಲಾದ 200ರ ವಿಭಾಗದಲ್ಲಿ 220ರಿಂದ 289ರವರೆಗೆ ಕ್ರೈಸ್ತಮತಕ್ಕೆ ಸಂದಿತು. ಜಗತ್ತಿನ ಉಳಿದ ಮತಗಳೆಲ್ಲ 290ರಲ್ಲಿ ಒತ್ತರಿಸಿಕೊಂಡು ಕೂತವು. ಡ್ಯೂಯಿಯ ಜನಾಂಗದ್ವೇಷವೇ ಮೊದಲಾದ ದೋಷಗಳನ್ನು ಮನಗಂಡು 2019ರಲ್ಲಿ ಅಮೇರಿಕೆಯ ಗ್ರಂಥಾಲಯ ಸಂಘವು ತನ್ನ ಪದಕವೊಂದರಿಂದ ಅವನ ಹೆಸರನ್ನು ತೆಗೆಯಲು ನಿರ್ಧರಿಸಿತು. ಹಾವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಡೊರೊತಿ ಪೋರ್ಟರ್ ಒಂದು ವಿಚಿತ್ರವನ್ನು ಕಂಡಿದ್ದರು: ಕಪ್ಪು ಕವಿಯ ಕವಿತೆಯನ್ನೂ ಕೆಲವು ಗ್ರಂಥಾಲಯಗಳು ಕಾವ್ಯದೊಡನೆ ಇಡದೆ ಗುಲಾಮಗಿರಿಯ ಅಥವಾ ವಲಸೆಯ ಅಂಕೆಯಡಿ ಇಡುತ್ತಿದ್ದವು. ಆಕೆ ಅವನ್ನು ಅವುಗಳ ವಿಷಯಕ್ಕೆ ತಕ್ಕ ಸ್ಥಾನಕ್ಕೆ ತಂದರು.

ಕನ್ನಡದಲ್ಲಿಯೂ ಈ ಪ್ರಶ್ನೆ ಏಳುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ನಮೆಂಟ್ ಬ್ರಾಹ್ಮಣ’ ಒಂದು ಆತ್ಮಕಥನ. ಅದನ್ನು ಸಾಮಾಜಿಕ ವರ್ಗಗಳ 305.5ರಲ್ಲಿಟ್ಟರೆ ಅದು ಅಂಕಿಅಂಶದ ಪುಸ್ತಕಗಳ ನೆರೆಯಾಗುತ್ತದೆ. ಕನ್ನಡ ಸಾಹಿತ್ಯದ ನಡುವೆ ಇಟ್ಟರೆ ಇತರ ಲೇಖಕರ ಸರಿಸಮನಾಗಿ ನಿಲ್ಲುತ್ತದೆ. ಹಾನಗಲ್ಲಿನ ನೆರೆಯ ಉತ್ತರ ಕನ್ನಡದಲ್ಲಿ, ಯಲ್ಲಾಪುರ ಹಳಿಯಾಳಗಳ ಕಾಡಿನಲ್ಲಿ, ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಆ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯರಾದರು. ಅವರ ಹಾಡು ಕಥೆಗಳು ಪರರ ಅಧ್ಯಯನದ ವಸ್ತುವಾಗಿ ಮಾತ್ರ ಬೀರುವಿನಲ್ಲಿರಬೇಕೇ, ಅವರದೇ ದನಿಯಾಗಿ ಬರಬೇಕೇ?

ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದು ಅವುಗಳಲ್ಲೊಂದು. ‘ಪ್ರತಿಯೊಬ್ಬ’ ಎಂಬ ಆ ಶಬ್ದದ ಭಾರವನ್ನು ನಾವು ಹೊರಬೇಕಾಗಿದೆ. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ್ದರಿಂದ ಈ ಭಾರ ಊರಿನ ಪಂಚಾಯತಿಯ ಹತ್ತಿರಕ್ಕೇ ಬಂದಂತಾಗಿದೆ.

ಸಹಪಾಠಿಗಳೇ, ರಜೆಗೆ ಊರಿಗೆ ಹೋದಾಗ ನಮ್ಮ ನಮ್ಮ ಊರಿನ ವಾಚನಾಲಯಕ್ಕೆ ಒಮ್ಮೆ ಹೋಗೋಣ. ಅದು ಯಾವ ಓಣಿಯಲ್ಲಿದೆ, ಯಾವ ಹೊತ್ತಿಗೆ ತೆರೆಯುತ್ತದೆ, ಯಾವ ಓಣಿಯ ಮಕ್ಕಳು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನೋಡೋಣ. ಬಾರದ ಮಗುವೊಂದನ್ನು ಕೈಹಿಡಿದು ಕರೆತಂದರೆ, ಹಿಂದೆ ಶಾಸನದಲ್ಲಿ ಬರದೆ ಉಳಿದ ಒಂದು ಹೆಸರನ್ನು ಓದುಗರ ದಾಖಲೆಯಲ್ಲಿಯಾದರೂ ಬರೆದಂತಾಗುತ್ತದೆ.