ಲಕ್ಷ ಖಾತೆಗಳಲ್ಲಿ ಒಂದನ್ನು ಹುಡುಕುವ ಬಗೆ

ನಾವು ಹುಟ್ಟಿ ಬೆಳೆದುದು ಮಂಗಳೂರಿನ ಬೋಳಾರದಲ್ಲಿ. ಚಿಕ್ಕಂದಿನಲ್ಲಿ ಒಂದು ಮಳೆಗಾಲದ ಬೆಳಿಗ್ಗೆ ತಾಯಿಯವರೊಡನೆ ಒಂದು ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಮುಂದೆ ಬೀಡಿ ಕಟ್ಟಿ ಜೀವಿಸುವ ಹೆಂಗಸೊಬ್ಬರಿದ್ದರು. ಗುಮಾಸ್ತರು ದಪ್ಪನೆಯ ಲೆಡ್ಜರನ್ನು ತೆರೆದು ಆಕೆಯ ಖಾತೆಯ ಸಂಖ್ಯೆಯಿರಬೇಕಾದ ಪುಟಕ್ಕೆ ಬಂದರು, ಅಲ್ಲಿ ಅದಿರಲಿಲ್ಲ. ಆ ಪುಟ ತುಂಬಿಹೋಗಿದ್ದರಿಂದ ಖಾತೆಯನ್ನು ಹಿಂದಿನ ಹೆಚ್ಚುವರಿ ಪುಸ್ತಕದಲ್ಲಿ ಬರೆದಿದ್ದರು. ಆ ಪುಸ್ತಕವೂ ತುಂಬಿ ಇನ್ನೊಂದಕ್ಕೆ ಮುಂದುವರಿದಿತ್ತು. ಹುಡುಕಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಟ್ಟಿದ ಬೀಡಿಯ ಲೆಕ್ಕಕ್ಕೆ ಸರಿಯಾಗಿ ಕೂಲಿ ಪಡೆಯುವವರಿಗೆ ಅರ್ಧ ದಿನ ಹೋಯಿತೆಂದರೆ ಅರ್ಧ ದಿನದ ಅನ್ನ ಹೋದಂತೆಯೇ ಸರಿ.

ಗುಮಾಸ್ತರದು ತಪ್ಪಲ್ಲ, ಪುಸ್ತಕದ ಏರ್ಪಾಡಿನದು ತಪ್ಪು. ಹಿರಿಯ ಗಣಕಯಂತ್ರಗಳಲ್ಲಿ, ಎಂದರೆ ಮೇನ್‌ಫ್ರೇಮುಗಳಲ್ಲಿ, ಇದೇ ತೊಡಕು ಹೇಗೆ ಉಂಟಾಗುವುದು, ಅದನ್ನು ಹೇಗೆ ನಿವಾರಿಸುವರು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ತಿರುಗುವ ತಟ್ಟೆಯ ಭೌತಶಾಸ್ತ್ರ

ಗಣಕವು ದಾಖಲೆಗಳನ್ನು ಡಿಸ್ಕುಗಳ, ಎಂದರೆ ಕಾಂತೀಯ ಲೇಪನವುಳ್ಳ ತಟ್ಟೆಗಳ ಮೇಲೆ ಬರೆದಿಡುವುದು. 1970ರಲ್ಲಿ ಪ್ರಕಟವಾದ ಐ.ಬಿ.ಎಂ. 3330 ಎಂಬ ಸಾಧನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ತಟ್ಟೆಗಳು ನಿಮಿಷಕ್ಕೆ 3600 ಸುತ್ತು ತಿರುಗುತ್ತಿದ್ದವು. ಎಂದರೆ ಒಂದು ಸುತ್ತಿಗೆ 16.7 ಮಿಲಿಸೆಕೆಂಡು. ಓದುವ ತಲೆಯನ್ನು ಬೇಕಾದ ವೃತ್ತಪಥಕ್ಕೆ ಸರಿಸಲು ಸರಾಸರಿ 30 ಮಿಲಿಸೆಕೆಂಡು ಹಿಡಿಯುತ್ತಿತ್ತು. ತಲೆ ಅಲ್ಲಿಗೆ ಬಂದಮೇಲೆ ಬೇಕಾದ ಭಾಗವು ತಿರುಗಿ ಅದರ ಕೆಳಗೆ ಬರುವವರೆಗೆ ಕಾಯಬೇಕು. ಅದೃಷ್ಟವಿದ್ದರೆ ಕೂಡಲೇ ಬಂದೀತು, ಇಲ್ಲವಾದರೆ ಪೂರ್ತಿ ಸುತ್ತು ಕಾಯಬೇಕಾದೀತು. ಸರಾಸರಿ ಅರ್ಧ ಸುತ್ತು, 8.3 ಮಿಲಿಸೆಕೆಂಡು. ಒಂದು ಪಥದಲ್ಲಿ 4096 ಬೈಟುಗಳ ಮೂರು ಖಾನೆಗಳು ಹಿಡಿಯುತ್ತಿದ್ದುದರಿಂದ ಒಂದು ಖಾನೆಯನ್ನು ಓದಲು ಸುಮಾರು ಮೂರರಲ್ಲೊಂದು ಸುತ್ತು ಬೇಕು. ಎಲ್ಲ ಕೂಡಿದರೆ ಒಂದು ಓದಿಗೆ ಸುಮಾರು 44 ಮಿಲಿಸೆಕೆಂಡು.

ನಮಗೆ ಇದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಕಾಲ. ಗಣಕಕ್ಕೆ ಮಾತ್ರ ಇದು ಯುಗ. ಆದುದರಿಂದ ಎಷ್ಟು ಸಲ ಡಿಸ್ಕಿಗೆ ಹೋಗಬೇಕಾಯಿತು ಎಂಬುದೇ ಇಲ್ಲಿ ಮುಖ್ಯವಾದ ಲೆಕ್ಕ.

ಸೂಚಿಯ ಶಕ್ತಿ

ಒಂದು ಲಕ್ಷ ಖಾತೆಗಳಿವೆಯೆಂದೂ ಪ್ರತಿಯೊಂದು ದಾಖಲೆಯೂ 200 ಬೈಟುಗಳಷ್ಟಿದೆಯೆಂದೂ ಇಟ್ಟುಕೊಳ್ಳೋಣ. 4096 ಬೈಟುಗಳ ಒಂದು ಖಾನೆಯಲ್ಲಿ 20 ದಾಖಲೆಗಳು ಹಿಡಿಯುತ್ತವೆ. ಮುಂದೆ ಹೇಳುವ ಕಾರಣಕ್ಕಾಗಿ 16ನ್ನು ಮಾತ್ರ ತುಂಬಿಸಿ ನಾಲ್ಕರ ಜಾಗವನ್ನು ಬರಿದಾಗಿ ಬಿಡೋಣ. ಆಗ 6250 ಖಾನೆಗಳು ಬೇಕಾಗುವುವು.

ಸೂಚಿಯೇ ಇಲ್ಲದಿದ್ದರೆ ಮೊದಲಿನಿಂದ ಓದುತ್ತಾ ಹೋಗಬೇಕು. ಸುತ್ತಿಗೆ ಮೂರು ಖಾನೆಗಳಂತೆ ಎಲ್ಲವನ್ನೂ ಓದಲು ಸುಮಾರು 35 ಸೆಕೆಂಡು. ಒಂದು ಖಾತೆ ಸಿಕ್ಕಲು ಸರಾಸರಿ ಅದರ ಅರ್ಧ. ದಿನಕ್ಕೆ 10,000 ಗಿರಾಕಿಗಳು ಬಂದರೆ 48 ಗಂಟೆಗೂ ಮೀರಿದ ಕಾಲ ಬೇಕು. ಒಂದು ದಿನದ ಕೆಲಸ ಎರಡು ದಿನದಲ್ಲಿಯೂ ಮುಗಿಯದು!

ನಿಘಂಟಿನಲ್ಲಿ ಪದ ಹುಡುಕುವಾಗ ನಾವು ಮೊದಲ ಪುಟದಿಂದ ಓದುವುದಿಲ್ಲವಷ್ಟೆ. ಅಕ್ಷರಕ್ರಮವೇ ನಮಗೆ ದಾರಿ ತೋರಿಸುವುದು. ಹಾಗೆಯೇ ಖಾತೆಗಳನ್ನು ಸಂಖ್ಯೆಯ ಕ್ರಮದಲ್ಲಿಟ್ಟು, ಪ್ರತಿಯೊಂದು ಖಾನೆಯ ಅತ್ಯಂತ ದೊಡ್ಡ ಸಂಖ್ಯೆಯನ್ನೂ ಖಾನೆಯಿರುವ ಸ್ಥಳವನ್ನೂ ಒಂದು ಸೂಚಿಯಲ್ಲಿ ಬರೆದರಾಯಿತು. ಒಂದು ಸೂಚಿಪುಟದಲ್ಲಿ 100 ನಮೂದುಗಳು ಹಿಡಿಯುವುದಾದರೆ 6250 ಖಾನೆಗಳಿಗೆ 63 ಪುಟಗಳು. ಆ 63 ಪುಟಗಳಿಗೆ ಮತ್ತೊಂದು ಸೂಚಿಪುಟ. ಮೇಲಿನ ಪುಟ, ಕೆಳಗಿನ ಪುಟ, ಖಾನೆ: ಹೀಗೆ ಮೂರೇ ಓದುಗಳಲ್ಲಿ ಖಾತೆ ಕೈಗೆ ಬರುವುದು. ಕಾಲ 132 ಮಿಲಿಸೆಕೆಂಡು. 10,000 ಗಿರಾಕಿಗಳಿಗೆ 22 ನಿಮಿಷ.

ಖಾತೆಗಳು ಹತ್ತು ಲಕ್ಷವಾದರೇನು? ಖಾನೆಗಳು 62,500, ಸೂಚಿಪುಟಗಳು 625, ಅವುಗಳ ಮೇಲೆ 7, ಅವುಗಳ ಮೇಲೆ 1. ಓದುಗಳು ಮೂರರ ಬದಲು ನಾಲ್ಕು. ಹೊರೆ ಹತ್ತುಪಟ್ಟು ಬೆಳೆದರೂ ಕೆಲಸವು ಒಂದೇ ಹೆಜ್ಜೆ ಬೆಳೆಯಿತು. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ ಎಂಬವರು 1972ರಲ್ಲಿ ಪ್ರಕಟಿಸಿದ ಬಿ-ಟ್ರೀ ಎಂಬ ರಚನೆಯ ಮರ್ಮವೂ ಇದೇ.

ತುಂಬಿದ ಖಾನೆಯ ತೊಡಕು

ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅಚ್ಚಾದ ನಿಘಂಟಿನ ನಡುವೆ ಹೊಸ ಪದವನ್ನು ಸೇರಿಸುವಂತಿಲ್ಲ, ಅನುಬಂಧಕ್ಕೆ ಹಾಕಬೇಕು. ಖಾತೆಗಳ ಕಡತವಾದರೋ ದಿನವೂ ಬೆಳೆಯುವಂಥದು.

1960ರ ದಶಕದ ಐಸ್ಯಾಮ್ ಎಂಬ ಪದ್ಧತಿಯಲ್ಲಿ ಜಾಗ ಸಾಲದ ದಾಖಲೆಗಳನ್ನು ಬೇರೆಡೆಗೆ ತಳ್ಳಿ, ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಕೊಂಡಿ ಹಾಕುತ್ತಿದ್ದರು. ಸರಪಳಿಯಲ್ಲಿ ಹತ್ತು ಕೊಂಡಿಗಳಿದ್ದರೆ ಕೊನೆಯವನಿಗಾಗಿ ಹತ್ತು ಹೆಚ್ಚಿನ ಓದುಗಳು ಬೇಕಾಗಬಹುದು. ನಾವು ಕಂಡ ಹೆಚ್ಚುವರಿ ಪುಸ್ತಕವು ಇದೇ ಅಲ್ಲವೆ?

1970ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯು ಬಳಕೆಗೆ ತಂದ ವೀಸ್ಯಾಮ್ ಎಂಬ ಪದ್ಧತಿಯು ಬೇರೆ ದಾರಿ ಹಿಡಿಯಿತು. ಅದರಲ್ಲಿ ಹಲವು ಖಾನೆಗಳು ಸೇರಿ ಒಂದು ಕಪಾಟು ಆಗುವುದು. ಆ ಪದ್ಧತಿಯ ಮಾತಿನಲ್ಲಿ ಖಾನೆಗೆ ಕಂಟ್ರೋಲ್ ಇಂಟರ್ವಲ್ ಎಂದೂ ಕಪಾಟಿಗೆ ಕಂಟ್ರೋಲ್ ಏರಿಯಾ ಎಂದೂ ಹೆಸರು. ಪ್ರತಿ ಖಾನೆಯಲ್ಲಿಯೂ ಸ್ವಲ್ಪ ಜಾಗ ಖಾಲಿ. ಪ್ರತಿ ಕಪಾಟಿನಲ್ಲಿಯೂ ಕೆಲವು ಖಾನೆಗಳು ಖಾಲಿ. ನಮ್ಮ ಖಾನೆಗೆ 17ನೆಯದರಿಂದ 20ನೆಯವರೆಗಿನ ದಾಖಲೆಗಳು ತೊಂದರೆಯಿಲ್ಲದೆ ಸೇರುವುವು. 21ನೆಯದು ಬಂದಾಗ ಖಾನೆ ಎರಡಾಗಿ ಒಡೆದು, ಸುಮಾರು ಅರ್ಧದಷ್ಟು ದಾಖಲೆಗಳು ಅದೇ ಕಪಾಟಿನ ಖಾಲಿ ಖಾನೆಗೆ ಹೋಗುವುವು. ಸೂಚಿಯನ್ನೂ ಕೂಡಲೇ ತಿದ್ದಲಾಗುವುದು. ಸರಪಳಿ ಬೆಳೆಯುವುದಿಲ್ಲ. ಖಾಲಿ ಖಾನೆಯೇ ಇಲ್ಲದಿದ್ದರೆ ಕಪಾಟೇ ಒಡೆಯಬೇಕು. ಅರ್ಧದಷ್ಟು ಖಾನೆಗಳನ್ನು ಹೊಸ ಕಪಾಟಿಗೆ ಸಾಗಿಸಬೇಕು. ಇದು ದುಬಾರಿಯ ಕೆಲಸ. ಅಷ್ಟು ಹೊತ್ತೂ ಗಿರಾಕಿ ಕಾಯುತ್ತಿರುವನು.

ಹದಗೊಳಿಸುವ ವಿಧಾನ

ಹಾಗಾದರೆ ಧಾರಾಳವಾಗಿ ಜಾಗ ಬಿಟ್ಟರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ. ಬರಿಯ ಜಾಗವನ್ನೂ ತಟ್ಟೆಯು ತಿರುಗಿಯೇ ದಾಟಬೇಕು. ಹೊಸ ಖಾತೆಗಳಿಗೆ ಸದಾ ಏರುತ್ತಾ ಹೋಗುವ ಸಂಖ್ಯೆಯನ್ನು ಕೊಡುವುದಾದರೆ ಅವೆಲ್ಲ ಕಡತದ ಕೊನೆಗೇ ಸೇರುವುವು. ನಡುವೆ ಬಿಟ್ಟ ಜಾಗ ವ್ಯರ್ಥ. ಹೊಸ ದಾಖಲೆಗಳು ಎಲ್ಲೆಂದರಲ್ಲಿ ಬಂದು ಸೇರುವಲ್ಲಿ ಮಾತ್ರ ಜಾಗ ಬಿಡಬೇಕು. ಕಡತವು ಹೇಗೆ ಬೆಳೆಯುವುದೆಂದು ತಿಳಿಯದೆ ಹದ ಹೇಳುವಂತಿಲ್ಲ.

ಎರಡನೆಯ ಉಪಾಯ, ಸೂಚಿಯನ್ನು ಗಣಕದ ಸ್ಮರಣೆಯಲ್ಲಿ ಬಫರುಗಳೆಂಬ ತಾಣಗಳಲ್ಲಿ ಇರಿಸಿಕೊಳ್ಳುವುದು. ನಮ್ಮ 64 ಸೂಚಿಪುಟಗಳೂ ಸ್ಮರಣೆಯಲ್ಲಿದ್ದರೆ ಮೂರು ಓದುಗಳ ಬದಲು ಒಂದೇ ಸಾಕು. 22 ನಿಮಿಷದ ಕೆಲಸ ಸುಮಾರು 7 ನಿಮಿಷಕ್ಕೆ ಇಳಿಯುವುದು.

ಮೂರನೆಯದು ಖಾನೆಯ ಗಾತ್ರ. ಒಂದೊಂದೇ ದಾಖಲೆಯನ್ನು ಅಲ್ಲಲ್ಲಿ ಹುಡುಕುವುದಕ್ಕೆ ಚಿಕ್ಕ ಖಾನೆ ಲೇಸು. ಸಾಲಾಗಿ ಓದುವುದಕ್ಕೆ ದೊಡ್ಡದು ಲೇಸು.

ನಾಲ್ಕನೆಯದನ್ನು ಅನೇಕರು ಮರೆಯುವರು: ಎಲ್ಲ ಕೆಲಸಕ್ಕೂ ಸೂಚಿ ಬೇಡ. ರಾತ್ರಿ 10,000 ಖಾತೆಗಳನ್ನು ಒಟ್ಟಿಗೆ ನೋಡಬೇಕಾದರೆ, ಬೇಡಿಕೆಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಇಡೀ ಕಡತವನ್ನು ಒಮ್ಮೆ ಸಾಲಾಗಿ ಓದಿದರೆ 35 ಸೆಕೆಂಡಿನಲ್ಲಿ ಓದು ಮುಗಿಯುವುದು. 35 ಸೆಕೆಂಡನ್ನು 132 ಮಿಲಿಸೆಕೆಂಡಿನಿಂದ ಭಾಗಿಸಿದರೆ ಸುಮಾರು 265. ಸೂಚಿಯು ಸ್ಮರಣೆಯಲ್ಲಿಲ್ಲದಾಗ, ಬೇಡಿಕೆಗಳು ಇದಕ್ಕಿಂತ ಕಡಿಮೆಯಿದ್ದರೆ ಸೂಚಿ ಮೇಲು. ಹೆಚ್ಚಿದ್ದು ಒಟ್ಟಿಗೆ ಬಂದರೆ ಸಾಲಾದ ಓದೇ ಮೇಲು.

ಇಂದು ತಿರುಗುವ ಭಾಗಗಳೇ ಇಲ್ಲದ ಸಂಗ್ರಹಗಳು ಬಂದಿವೆ. ಮಿಲಿಸೆಕೆಂಡುಗಳ ಲೆಕ್ಕ ಬಹಳ ಕೆಳಗಿಳಿದಿದೆ. ಆದರೂ ವೀಸ್ಯಾಮ್ ಮೇನ್‌ಫ್ರೇಮುಗಳಲ್ಲಿ ಇನ್ನೂ ಬಳಕೆಯಲ್ಲಿದೆ; ಬಿ-ಟ್ರೀಯ ವಂಶದ ಸೂಚಿಗಳು ಇತರ ಗಣಕಗಳಲ್ಲಿಯೂ ಇವೆ. ಕೆನರಾ ಬ್ಯಾಂಕು 1906ರಲ್ಲಿಯೂ ಕರ್ಣಾಟಕ ಬ್ಯಾಂಕು 1924ರಲ್ಲಿಯೂ ಹುಟ್ಟಿದ ಈ ಊರಿನಲ್ಲಿ ಲೆಡ್ಜರನ್ನು ಕ್ರಮವಾಗಿಡುವುದು ಹಳೆಯ ವಿದ್ಯೆ. ಗಣಕವು ಅದನ್ನೇ ಮುಂದುವರಿಸಿದೆ. ಮುಂದೆ ಕಡತವೊಂದನ್ನು ರಚಿಸುವ ಅವಕಾಶ ನಿಮಗೆ ಬಂದಾಗ, ಸಾಲಿನಲ್ಲಿ ನಿಂತವರ ಅರ್ಧ ದಿನವನ್ನು ಮರೆಯದಿರಿ.

ಅಭ್ಯಾಸ: ಪ್ರತಿ ಖಾನೆಯಲ್ಲಿ 16ರ ಬದಲು 10 ದಾಖಲೆಗಳನ್ನು ಮಾತ್ರ ತುಂಬಿಸಿದರೆ, ಒಂದು ಲಕ್ಷ ಖಾತೆಗಳನ್ನು ಸಾಲಾಗಿ ಓದಲು ಎಷ್ಟು ಕಾಲ ಬೇಕು? (ಉತ್ತರ: ಸುಮಾರು 56 ಸೆಕೆಂಡು.)